ದೇವರಿದ್ದಾನೆ, ಜೊತೆಗೆ ಯಾರಿದ್ದಾರೆ?

ಮನಸ್ಸಿಗೆ ಕಾಯಿಲೆಯಾಗಿದೆ ಎಂದು ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದು ಅಪರೂಪ. ಎದೆ ಉರಿ, ತಲೆ ಭಾರ, ಕೈಕಾಲಲ್ಲಿ ತ್ರಾಣವಿಲ್ಲ, ಊಟ ಸೇರುವುದಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ ಎಂದು ಮೈಮೇಲೆ ಹಾಕಿಯೇ ಅವರು ಮನಸ್ಸಿನ ಸಂಕಟವನ್ನು ಹೇಳಿಕೊಳ್ಳುತ್ತಾರೆ. ಅದನ್ನು ಮೊದಲು ಕೇಳಿಸಿಕೊಳ್ಳುವ ಜಾಗ ಆಸ್ಪತ್ರೆಯಾಗಿರುವುದಿಲ್ಲ. ಹರಕೆ ಹೊತ್ತ ಅಮ್ಮನ ಗುಡಿ, ಶುಕ್ರವಾರದ ಭಜನಾ ಮಂಡಳಿ, ಊರಾಚೆಯ ದರ್ಗಾ, ಇಗರ್ಜಿಯ ಪ್ರಾರ್ಥನಾ ಕೂಟ, ಇವೇ ಮೊದಲು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅಂಥವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ, ಕಾಯಿಲೆ ಯಾವುದು ಎಂಬುದರ ಮೇಲೆ, ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆಸ್ಪತ್ರೆ ಮುಟ್ಟದ ಈ ದೊಡ್ಡ ಗುಂಪಿನ ಜೊತೆ ದಿನನಿತ್ಯ ಮಾತಾಡುತ್ತಿರುವುದು ಧರ್ಮ. ಹಾಗಿರುವಾಗ ದುಃಖದಲ್ಲಿರುವ ಹೆಂಗಸಿಗೆ ನಂಬಿಕೆ ಬೇಕೋ ಬೇಡವೋ ಎಂದು ವಾದ ಹೂಡುವುದರಿಂದ ಅವಳಿಗೇನೂ ಆಗಬೇಕಾದ್ದಿಲ್ಲ. ನಂಬಿಕೆಯ ಹೆಸರಿನಲ್ಲಿ ಅವಳಿಗೆ ನಾವು ಏನು ಕೊಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು.

ಸಾಮಾನ್ಯವಾಗಿ ಕೊಡುವುದು ಮಾತು. "ದೇವರಿದ್ದಾನೆ, ಧೈರ್ಯವಾಗಿರು", "ಅವನ ಮೇಲೆ ಭಾರ ಹಾಕು", "ಎಲ್ಲಾ ಒಳ್ಳೇದಕ್ಕೇ". ಹೇಳುವವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಆ ಮಾತಿನ ಜೊತೆಗೇ ಸಂಭಾಷಣೆ ಮುಗಿದುಹೋಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಮಹಿಳೆಯರು 45,026. ಅವರಲ್ಲಿ 23,178 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಗೃಹಿಣಿಯರು. ಇವರಲ್ಲಿ ಬಹುಪಾಲು ಮನೆಗಳಲ್ಲಿ ದೇವರ ಪಟವಿತ್ತು, ದೀಪ ಹಚ್ಚುವ ಕೈ ಅವರದೇ ಆಗಿತ್ತು ಎಂದು ಊಹಿಸುವುದು ಕಷ್ಟವಲ್ಲ. ದೇವರನ್ನು ನಂಬಿದ್ದರೂ ಅವರು ಒಂಟಿಯಾಗಿದ್ದರು. ನಂಬಿಕೆ ಹೆಂಗಸಿನ ಜೀವ ಉಳಿಸುವುದು ಉಪದೇಶದಿಂದಲ್ಲ, ಅದು ಕೂಡಿಸಿಕೊಡುವ ಜನರಿಂದ ಎಂಬುದೇ ಈ ಬರಹದ ವಾದ.

ಇದಕ್ಕೆ ಆಧಾರ ಉಂಟು. ಅಮೆರಿಕದಲ್ಲಿ ದಾದಿಯರ ಆರೋಗ್ಯವನ್ನು ದಶಕಗಳಿಂದ ಹಿಂಬಾಲಿಸುತ್ತಿರುವ ದೊಡ್ಡ ಅಧ್ಯಯನವೊಂದಿದೆ. ಹಾರ್ವರ್ಡಿನ ಟೈಲರ್ ವಾಂಡರ್‌ವೀಲ್ ಮತ್ತು ಸಂಗಡಿಗರು ಅದರಲ್ಲಿನ 89,708 ಮಹಿಳೆಯರ 1996ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆಯಾದರೂ ಪ್ರಾರ್ಥನೆಗೆ ಚರ್ಚಿಗೆ ಹೋಗುತ್ತಿದ್ದವರಲ್ಲಿ ಆತ್ಮಹತ್ಯೆಯ ಪ್ರಮಾಣ, ಎಂದೂ ಹೋಗದವರಿಗೆ ಹೋಲಿಸಿದರೆ ಸುಮಾರು ಐದು ಪಟ್ಟು ಕಡಿಮೆಯಿತ್ತು. ಇಲ್ಲಿ ಅಳೆದದ್ದು ಎದೆಯೊಳಗಿನ ಭಕ್ತಿಯನ್ನಲ್ಲ. ಮನೆಯಿಂದ ಹೊರಟು ಹತ್ತು ಜನರ ನಡುವೆ ಹೋಗಿ ಕೂರುವುದನ್ನು. ನಮ್ಮ ಭಜನಾ ಮಂಡಳಿಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಐದು ಗಂಟೆಗೆ ಜಮಖಾನೆ ಹಾಸಬೇಕು, ತಾಳ ತರುವ ಸರದಿ ಒಬ್ಬರದು, ಕೋಸಂಬರಿ ಮಾಡುವ ಸರದಿ ಇನ್ನೊಬ್ಬರದು. ಗಂಟಲು ಕಟ್ಟಿದವಳೂ ಪಲ್ಲವಿಗೆ ದನಿಗೂಡಿಸುತ್ತಾಳೆ. ಎರಡು ವಾರ ಬಾರದಿದ್ದರೆ "ಯಾಕಮ್ಮ, ಕಾಣಲೇ ಇಲ್ಲ?" ಎಂದು ಯಾರೋ ಒಬ್ಬರು ಬಾಗಿಲಿಗೆ ಬರುತ್ತಾರೆ. ಗಂಡನ ಮನೆಯಲ್ಲಿ ಯಾರದೂ ಅಪ್ಪಣೆ ಕೇಳದೆ ಹೊರಗೆ ಹೋಗಲಾಗದ ಎಷ್ಟೋ ಸೊಸೆಯಂದಿರಿಗೆ ದೇವರ ಕೆಲಸ ಎಂಬ ಒಂದೇ ಕಾರಣಕ್ಕೆ ಹೊಸಿಲು ದಾಟುವ ಅವಕಾಶ ಸಿಗುತ್ತದೆ. ಮಹಿಳಾ ಸಂಘದ ಸಭೆಗೆ ಬೇಡವೆನ್ನುವ ಅತ್ತೆ ಲಲಿತಾ ಸಹಸ್ರನಾಮಕ್ಕೆ ಬೇಡವೆನ್ನುವುದು ಕಡಿಮೆ.

ಅಮೆರಿಕದ ಕ್ರೈಸ್ತ ದಾದಿಯರ ಲೆಕ್ಕ ನಮಗೆ ಹೇಗೆ ಹೊಂದೀತು, ಮನಸ್ಸು ಗಟ್ಟಿಯಿದ್ದವರೇ ಅಲ್ಲವೇ ಚರ್ಚಿಗೆ ಹೋಗುವುದು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದೇ ದಾದಿಯರ ಮಾಹಿತಿಯಲ್ಲಿ ಖಿನ್ನತೆಯ ಬಗ್ಗೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎರಡೂ ದಿಕ್ಕಿನ ನಂಟು ಕಂಡಿತು: ತಪ್ಪದೆ ಹೋಗುವವರಲ್ಲಿ ಖಿನ್ನತೆ ಕಡಿಮೆ, ಖಿನ್ನತೆ ಬಂದವರು ಆಮೇಲೆ ಹೋಗುವುದೂ ಕಡಿಮೆ. ಈ ಎರಡನೆಯ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕೂಟ ಯಾರಿಗೆ ತೀರಾ ಬೇಕೋ ಅವಳೇ ಮೊದಲು ಅಲ್ಲಿಂದ ಕಾಣೆಯಾಗುತ್ತಾಳೆ. ಇನ್ನು ನಮ್ಮ ನೆಲದ ಉದಾಹರಣೆ ಬೇಕೆಂದರೆ, ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತಿತರರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ, ತೀವ್ರ ಮಾನಸಿಕ ಕಾಯಿಲೆಯ 31 ಜನರನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ಅಲ್ಲಿ ವಿಶೇಷ ಮಾಟಮಂತ್ರವಿರಲಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು, ಬೆಳಗಿನ ಪೂಜೆಗೆ ಸೇರುತ್ತಿದ್ದರು, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಇಂಥ ಕೆಲಸ ಮಾಡುತ್ತಿದ್ದರು. ಕೆಲವೇ ವಾರಗಳಲ್ಲಿ ರೋಗಲಕ್ಷಣಗಳ ತೀವ್ರತೆ ಸುಮಾರು ಶೇ. 20ರಷ್ಟು ಇಳಿದಿತ್ತು. ಸಂಖ್ಯೆ ಸಣ್ಣದು, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಇದರಿಂದ ಗುಡಿಯೇ ಔಷಧ ಎಂದು ಹೇಳಲಾಗದು. ಹೆದರಿಸದ, ಕಟ್ಟಿಹಾಕದ, ಕೆಲಸ ಕೊಟ್ಟು ಜೊತೆಗಿಟ್ಟುಕೊಳ್ಳುವ ಜಾಗದಲ್ಲಿ ಮನುಷ್ಯರು ಚೇತರಿಸಿಕೊಳ್ಳಬಲ್ಲರು ಎಂಬಷ್ಟನ್ನು ಹೇಳಬಹುದು.

ಕೂಟ ಜೊತೆಗಿದ್ದರೂ ಅಲ್ಲಿ ಆಡುವ ಮಾತು ಕೆಡುಕು ಮಾಡಬಲ್ಲದು. ಕಷ್ಟದಲ್ಲಿ ಜನ ಧರ್ಮವನ್ನು ಹೇಗೆ ನೆಚ್ಚಿಕೊಳ್ಳುತ್ತಾರೆ ಎಂಬುದನ್ನು ಬಹುಕಾಲ ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆ ಸೇರಿದ್ದ, 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ ಅದು. ದೇವರು ನನ್ನ ಕೈಬಿಟ್ಟಿದ್ದಾನೆ, ಅವನಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಇದು ಸೈತಾನನ ಕಾಟ ಎಂದುಕೊಂಡವರಲ್ಲಿ, ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸಾವು ಹೆಚ್ಚಿತ್ತು. ಈಗ ನಮ್ಮಲ್ಲಿ ಆಡುವ ಮಾತುಗಳನ್ನು ಇದರ ಪಕ್ಕದಲ್ಲಿಡಿ. "ಹೋದ ಜನ್ಮದ ಕರ್ಮ, ಅನುಭವಿಸಲೇಬೇಕು." "ವ್ರತದಲ್ಲಿ ಏನೋ ಲೋಪವಾಗಿದೆ." "ನಿನ್ನ ವಿಶ್ವಾಸ ಕಡಿಮೆ, ಅದಕ್ಕೇ ವಾಸಿಯಾಗಲಿಲ್ಲ." ಖಿನ್ನತೆಗೆ ಒಳಗಾದವಳು ಮೊದಲೇ ಎಲ್ಲಕ್ಕೂ ತನ್ನನ್ನೇ ದೂರಿಕೊಳ್ಳುತ್ತಿರುತ್ತಾಳೆ, ತಾನು ಯಾರಿಗೂ ಬೇಡದವಳು ಎಂಬ ಭಾವನೆ ಆ ಕಾಯಿಲೆಯ ಲಕ್ಷಣ. ಆ ಭಾವನೆಗೆ ದೇವರ ಸಹಿ ಹಾಕಿಸಿ ಕೊಟ್ಟರೆ ಅವಳಿಗೆ ಉಳಿಯುವ ದಾರಿಯಾದರೂ ಯಾವುದು? ಬೈಬಲ್ಲಿನ ಯೋಬನ ಕಥೆಯಲ್ಲಿ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು, ನಿನ್ನ ಪಾಪದಿಂದಲೇ ಇದೆಲ್ಲ ಆಗಿದ್ದು ಎಂದು ವಿವರಿಸತೊಡಗುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಗೋಳಾಡಿದ ಯೋಬನ ಮೇಲಲ್ಲ, ಕಾರಣ ಹೇಳಿದ ಗೆಳೆಯರ ಮೇಲೆ.

ಹೆಣ್ಣಿನ ಅಳುವಿಗೆ ಧರ್ಮಗಳು ಜಾಗ ಕೊಟ್ಟಿಲ್ಲವೆಂದೇನೂ ಅಲ್ಲ. ಅದೇ ಬೈಬಲ್ಲಿನಲ್ಲಿ ಮಕ್ಕಳಿಲ್ಲದ ಹನ್ನಳು ಸವತಿಯ ಚುಚ್ಚುಮಾತು ತಾಳಲಾರದೆ ಆಲಯದಲ್ಲಿ ತುಟಿಯಲ್ಲೇ ಪ್ರಾರ್ಥಿಸುತ್ತ ಅಳುವಾಗ ಯಾಜಕ ಏಲಿ ಅವಳನ್ನು ಕುಡಿದವಳೆಂದು ಗದರುತ್ತಾನೆ. ಅವಳು ತನ್ನ ನೋವು ಹೇಳಿಕೊಂಡಾಗ ತಿದ್ದಿಕೊಂಡು ಹರಸುತ್ತಾನೆ. ಅವಳು ಹೋಗಿ ಊಟ ಮಾಡುತ್ತಾಳೆ, ಮುಖದ ಬಾಡಿಕೆ ಹೋಗುತ್ತದೆ. ಮಗು ಹುಟ್ಟುವುದು ಆಮೇಲಿನ ಮಾತು. ಅವಳಿಗೆ ಹಗುರವಾದದ್ದು ಒಬ್ಬರು ಕೇಳಿಸಿಕೊಂಡಾಗಲೇ. ಮರಳುಗಾಡಿನಲ್ಲಿ ಕೂಸಿಗೆ ನೀರು ಹುಡುಕುತ್ತ ಸಫಾ, ಮರ್ವಾ ಗುಡ್ಡಗಳ ನಡುವೆ ಓಡಿದ ಹಾಜರಾಳ ಸಂಕಟವನ್ನು ಹಜ್ ಯಾತ್ರಿಕರು ಇಂದಿಗೂ ಏಳು ಬಾರಿ ನಡೆದು ನೆನೆಯುತ್ತಾರೆ. ದೇವರನ್ನು ನೆಚ್ಚಿದ ಅವಳು ಕೈಕಟ್ಟಿ ಕೂತಿರಲಿಲ್ಲ. ನಮ್ಮ ಅಕ್ಕಮಹಾದೇವಿಯಂತೂ ಚೆನ್ನಮಲ್ಲಿಕಾರ್ಜುನನ ಜೊತೆ ಜಗಳವಾಡಿದವಳು, ಒಲ್ಲದ ಬದುಕನ್ನು ಬಿಟ್ಟು ನಡೆದವಳು. ಸಹಿಸಿಕೊಂಡಿದ್ದವಳೇ ಭಕ್ತೆ ಎನ್ನುವವರು ಅವಳನ್ನು ಇನ್ನೊಮ್ಮೆ ಓದಲಿ.

ನನ್ನ ಸಿಟ್ಟು ಇರುವುದು ಇನ್ನೊಂದು ಕಡೆ. ಜನರ ಜೊತೆಯೇ ಔಷಧವಾದರೆ, ಆ ಜೊತೆ ಯಾರಿಗೆ ಸಿಗುತ್ತದೆ? ಅರಿಶಿನ ಕುಂಕುಮಕ್ಕೆ ಗಂಡ ಸತ್ತವಳನ್ನು ಕರೆಯುವುದಿಲ್ಲ. ಉಡಿ ತುಂಬುವಾಗ ಮಕ್ಕಳಿಲ್ಲದವಳು ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತಾಳೆ. ಗಂಡನನ್ನು ಬಿಟ್ಟುಬಂದವಳ ಹತ್ತಿರ ತಾಂಬೂಲದ ತಟ್ಟೆ ಬರುವಾಗ ಒಂದು ಗಳಿಗೆ ತಡೆಯುತ್ತದೆ, ಆ ಗಳಿಗೆಯನ್ನು ಅವಳೊಬ್ಬಳೇ ಅಲ್ಲ, ಕೋಣೆಯಲ್ಲಿದ್ದ ಎಲ್ಲರೂ ಗಮನಿಸುತ್ತಾರೆ. ಒಂಟಿತನ ಯಾರನ್ನು ಹೆಚ್ಚು ಕಾಡುತ್ತದೆಯೋ ಅವರನ್ನೇ ಆಯ್ದು ಹೊರಗಿಡುವ ಕೂಟದಲ್ಲಿ ಎಷ್ಟು ಸ್ತೋತ್ರ ಹೇಳಿದರೂ ಅದು ಯಾರಿಗೆ ಧೈರ್ಯ ಕೊಟ್ಟೀತು? ಇದನ್ನು ಬದಲಿಸಲಾಗದು ಎಂಬ ಮಾತೂ ಸುಳ್ಳು. ನಾರಾಯಣ ಗುರುಗಳ ಪರಂಪರೆಯ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು.

ಧರ್ಮವೇ ಹೆಣ್ಣಿಗೆ ಸಹನೆಯ ಪಾಠ ಹೇಳಿ ಈ ಸ್ಥಿತಿಗೆ ತಂದಿರುವಾಗ ಅದರಿಂದಲೇ ಪರಿಹಾರ ಕೇಳುವುದು ಸರಿಯೇ ಎಂದು ವಿಚಾರವಾದಿಗಳು ಕೇಳುತ್ತಾರೆ. ತಮಿಳುನಾಡಿನ ಏರ್ವಾಡಿಯನ್ನೂ ನೆನಪಿಸುತ್ತಾರೆ. ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿಸಿದ್ದ 28 ಜೀವಗಳು ಹೋದವು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಯಾವ ಹರಕೆಯೂ ಅದಕ್ಕೆ ಸಮಜಾಯಿಷಿಯಾಗದು. ಹಾಗೆಯೇ ಹೊಡೆಯುವ ಗಂಡನ ಬಗ್ಗೆ ಹೇಳಿಕೊಂಡವಳಿಗೆ "ಹೊಂದಿಕೊಂಡು ಹೋಗಮ್ಮ, ದೇವರು ಬುದ್ಧಿ ಕೊಡ್ತಾನೆ" ಎನ್ನುವುದು ಸಾಂತ್ವನವಲ್ಲ. ಕೌಟುಂಬಿಕ ದೌರ್ಜನ್ಯ ತಡೆಗೆ 2005ರಲ್ಲೇ ಕಾಯ್ದೆ ಬಂದಿದೆ, 181 ಮಹಿಳಾ ಸಹಾಯವಾಣಿ ಇದೆ ಎಂಬುದು ಭಜನಾ ಮಂಡಳಿಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಆದರೆ ಆ ಹೆಂಗಸು ನಾಳೆ ಬೆಳಿಗ್ಗೆ ಹೋಗುವುದು ಗುಡಿಗೇ. ಅಲ್ಲಿ ಅವಳಿಗೆ ಸಿಗುವವರು ತಿಳಿದವರಾಗಿರುವುದು ಮೇಲೋ, ತಿಳಿಯದವರಾಗಿರುವುದೋ?

ಪ್ರಾರ್ಥನೆಯೊಂದೇ ಸಾಲದ ಕಡೆಗಳೂ ಇವೆ. ಬಾಣಂತನ ಅದರಲ್ಲೊಂದು. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಮರ್ಶೆಯ ಅಂದಾಜಿನಂತೆ ಸುಮಾರು ಶೇ. 22ರಷ್ಟು ತಾಯಂದಿರಿಗೆ ಹೆರಿಗೆಯ ನಂತರ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಇದಕ್ಕಿಂತ ಅಪರೂಪದ್ದು, ಸಾವಿರ ಹೆರಿಗೆಗೆ ಒಂದೆರಡು ಕಡೆ ಬರುವ ಬಾಣಂತಿ ಸನ್ನಿ. ನಿದ್ದೆ ಪೂರ್ತಿ ಹೋಗಿ, ಇಲ್ಲದ ದನಿ ಕೇಳಿಸಿ, ತನ್ನ ಕೂಸನ್ನೇ ಅನುಮಾನಿಸುವ ಆ ಸ್ಥಿತಿಯನ್ನು ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ನಿವಾಳಿಸುತ್ತ ಕಳೆಯುವ ಒಂದೊಂದು ದಿನವೂ ತಾಯಿ, ಮಗು ಇಬ್ಬರಿಗೂ ಅಪಾಯ. ಅದೇ ದಿನ ಆಸ್ಪತ್ರೆಗೆ ಒಯ್ದರೆ ಬಹುತೇಕರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಾರ್ಡೇ ಇದೆ.

ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯೆಂದು ಅರ್ಥವಲ್ಲವೇ ಎಂದು ಆಸ್ತಿಕರು ಅಳುಕುತ್ತಾರೆ. ನಮ್ಮ ಜನ ಹಾಗೆ ಬದುಕಿದವರೇ ಅಲ್ಲ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಉಡುಪಿ ಹತ್ತಿರದ ಕೋಟದಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿನವರು ಮೈಮೇಲೆ ದೈವ ಬರುವ ಪಾತ್ರಿ, ಮಂತ್ರವಾದಿಗಳ ಹತ್ತಿರವೂ ಹೋಗುತ್ತಿದ್ದರು, ಡಾಕ್ಟರ ಹತ್ತಿರವೂ ಹೋಗುತ್ತಿದ್ದರು, ಎರಡರ ನಡುವೆ ಅವರಿಗೆ ತಕರಾರೇ ಇರಲಿಲ್ಲ. ಗುಜರಾತಿನ ಉನಾವದ ಮೀರಾ ದಾತಾರ್ ದರ್ಗಾದಲ್ಲಿ ದವಾ (ಔಷಧ) ಮತ್ತು ದುವಾ (ಪ್ರಾರ್ಥನೆ) ಎರಡೂ ಒಂದೇ ಆವರಣದಲ್ಲಿ ಸಿಗುತ್ತವೆ. ಮುಜಾವರರೇ ಜನರನ್ನು ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಮಂಗಳವಾರ, ಅಂದರೆ ಅಮ್ಮನವರ ವಾರವೇ. ಗುಡಿಗೆಂದು ಹೊರಟವಳನ್ನು ಹಾಗೆಯೇ ಆಸ್ಪತ್ರೆಗೂ ಕರೆದೊಯ್ಯಬಹುದು. ಅದೂ ಆಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು.

ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಲು ಜನ ಹೆದರುತ್ತಾರೆ, ಕೇಳಿದರೆ ಎಲ್ಲಿ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೋ ಎಂದು. ಹಾಗಾಗುವುದಿಲ್ಲ, ನೇರವಾಗಿ, ಮೆಲ್ಲಗೆ ಕೇಳಿದರೆ ಹೇಳಿಕೊಳ್ಳಲು ಒಂದು ದಾರಿಯಾಗುತ್ತದೆ ಎಂಬುದು ಮನೋವೈದ್ಯರ ಅನುಭವ. ಪೂಜೆ ಮುಗಿದು ಪ್ರಸಾದ ಹಂಚುವ ಹೊತ್ತಿನಲ್ಲಿ, ಹಿರಿಯ ಹೆಂಗಸೊಬ್ಬಳು ಪಕ್ಕಕ್ಕೆ ಕರೆದು ಕೇಳಬಹುದಾದ ಪ್ರಶ್ನೆ ಅದು. ಹೌದು ಎಂದರೆ ಅವಳನ್ನು ಒಂಟಿಯಾಗಿ ಮನೆಗೆ ಕಳಿಸಬಾರದು, ಆ ಹೊತ್ತಿಗೇ ಫೋನು ಮಾಡಬೇಕು, ವೈದ್ಯರ ಹತ್ತಿರ ಹೋಗುವಾಗ ಜೊತೆಗೆ ಹೋಗಬೇಕು. ಖಿನ್ನತೆಯ ಮಾತ್ರೆಗಳ ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಏನೂ ಉಪಯೋಗವಾಗಲಿಲ್ಲ ಎಂದು ಹಲವರು ಅರ್ಧಕ್ಕೆ ಬಿಡುವುದು ಆ ವಾರಗಳಲ್ಲೇ. ಆಗ ಊಟವಾಯಿತಾ, ಮಾತ್ರೆ ತೆಗೆದುಕೊಂಡೆಯಾ ಎಂದು ದಿನಕ್ಕೊಮ್ಮೆ ವಿಚಾರಿಸಿ, ಎರಡನೇ ಸಲ ಆಸ್ಪತ್ರೆಗೆ ಹೋಗುವ ದಿನ ಅವಳ ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂದು ಭಜನಾ ಮಂಡಳಿಯವರು ತಮ್ಮತಮ್ಮಲ್ಲೇ ಸರದಿ ಹಾಕಿಕೊಳ್ಳಬೇಕು.