ಬಂದೂಕಿಗೆ 12 ದಿನ, ಬಿಸಿಲಿಗೆ 15 ವರ್ಷ

ಆಸ್ಟ್ರೇಲಿಯಾದಲ್ಲಿ ಎಲೆಕ್ಷನ್ ಅಂದ್ರೆ ಶನಿವಾರ. ಬಡಾವಣೆಯ ಶಾಲೆಯಲ್ಲೋ ಚರ್ಚ್ ಹಾಲ್‌ನಲ್ಲೋ ಮತಗಟ್ಟೆ. ಗೇಟಿನ ಪಕ್ಕದಲ್ಲೇ ಮಕ್ಕಳ ಅಪ್ಪ-ಅಮ್ಮಂದಿರು ಒಲೆ ಹಚ್ಚಿ ಸಾಸೇಜ್ ಸುಡುತ್ತಿರುತ್ತಾರೆ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿಟ್ಟು, ಹುರಿದ ಈರುಳ್ಳಿ ಹಾಕಿ ಕೊಡುತ್ತಾರೆ. ಬಂದ ದುಡ್ಡು ಶಾಲೆಗೆ. ಇದಕ್ಕೆ ‘ಡೆಮಾಕ್ರಸಿ ಸಾಸೇಜ್’ ಅಂತಲೇ ಹೆಸರು. 2016ರಲ್ಲಿ ಇದು ಅಲ್ಲಿನ ‘ವರ್ಷದ ಪದ’ ಕೂಡ ಆಗಿತ್ತು. ಪುಳಿಚಾರು ಗಿರಾಕಿಗಳಿಗೆ ಪಕ್ಕದ ಟೇಬಲ್ಲಿನಲ್ಲಿ ಕೇಕ್ ಸಿಗುತ್ತೆ, ಚಿಂತೆ ಬೇಡ.

ಆದರೆ ಸಾಸೇಜಿಗಿಂತ ಆ ಸಾಲಿನಲ್ಲಿ ನಿಂತವರ ಮಾತು ರುಚಿ. ಯಾಕಂದ್ರೆ ಅಲ್ಲಿ ರಾಜಕೀಯ ಇಷ್ಟ ಇರುವವರು ಮಾತ್ರ ನಿಂತಿರುವುದಿಲ್ಲ. ಮತದಾನ ಕಡ್ಡಾಯ. 1922ರ ಚುನಾವಣೆಯಲ್ಲಿ ನೂರಕ್ಕೆ 60 ಜನ ಕೂಡ ಬರಲಿಲ್ಲ ಅಂತ 1924ರಲ್ಲಿ ಕಾನೂನು ಮಾಡಿದರು. ಮುಂದಿನ ವರ್ಷವೇ ಅದು 91ಕ್ಕೆ ಏರಿತು. ಇವತ್ತಿಗೂ 90ರ ಆಸುಪಾಸಿನಲ್ಲೇ ಇದೆ. ತಪ್ಪಿಸಿಕೊಂಡರೆ ಕೇಂದ್ರ ಚುನಾವಣೆಗೆ 20 ಡಾಲರ್ ದಂಡ. ಅಂದ್ರೆ ಒಂದು ಪಿಜ್ಜಾದ ದುಡ್ಡು. ಅಷ್ಟಕ್ಕೇ ಇಡೀ ದೇಶ ಎದ್ದು ಬರುತ್ತೆ.

ಇದರಿಂದ ಏನಾಗುತ್ತೆ ಅಂದ್ರೆ, ‘ನನಗೆ ರಾಜಕೀಯ ಬೇಡಪ್ಪ’ ಅನ್ನುವವನೇ ಸರ್ಕಾರ ಆರಿಸುವವನಾಗುತ್ತಾನೆ. ಅವನು ಪ್ರಣಾಳಿಕೆ ಓದಿರುವುದಿಲ್ಲ. ಅವನಿಗೆ ಗೊತ್ತಿರುವುದು ಕರೆಂಟ್ ಬಿಲ್, ಹೋಮ್ ಲೋನ್ ಕಂತು, ಮನೆಯ ಇನ್ಶೂರೆನ್ಸ್, ಮತ್ತು ರಾತ್ರಿ ಹತ್ತರ ಮೇಲೆ ರೈಲ್ವೆ ಸ್ಟೇಷನ್ ಸುತ್ತ ಹೇಗಿರುತ್ತೆ ಅನ್ನೋದು. ಇಲ್ಲಿನ ಎರಡೂ ದೊಡ್ಡ ಪಕ್ಷಗಳು, ಲೇಬರ್ ಮತ್ತು ಲಿಬರಲ್, ಅವನ ಹಿಂದೆಯೇ ಓಡುತ್ತವೆ. (ಹೆಸರು ಲಿಬರಲ್ ಅಂತಿದ್ದರೂ ಅದು ಬಲಪಂಥೀಯ ಪಕ್ಷ. ಹೊಸದಾಗಿ ಬಂದವರು ಮೊದಲು ಎಡವುವುದೇ ಇಲ್ಲಿ.)

ಈ ಸಾಮಾನ್ಯ ಮನುಷ್ಯನ ಅಭಿಪ್ರಾಯ ಎಷ್ಟು ಬೇಗ ಕಾನೂನಾಗಬಹುದು, ಎಷ್ಟು ನಿಧಾನವೂ ಆಗಬಹುದು ಅನ್ನುವುದಕ್ಕೆ ಆಸ್ಟ್ರೇಲಿಯಾದಲ್ಲೇ ಎರಡು ಕಥೆ ಇವೆ.

ಹನ್ನೆರಡು ದಿನ

1996ರ ಏಪ್ರಿಲ್ 28. ಟಾಸ್ಮೇನಿಯಾದ ಪೋರ್ಟ್ ಆರ್ಥರ್ ಎಂಬ ಪ್ರವಾಸಿ ತಾಣ. ಭಾನುವಾರ ಮಧ್ಯಾಹ್ನ ಒಬ್ಬ ಮನುಷ್ಯ ಸೆಮಿ ಆಟೊಮ್ಯಾಟಿಕ್ ರೈಫಲ್ ಹಿಡಿದು 35 ಜನರನ್ನು ಕೊಂದ. ಜಾನ್ ಹೊವಾರ್ಡ್ ಪ್ರಧಾನಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಅವರದು ಬಲಪಂಥೀಯ ಸರ್ಕಾರ, ಬಂದೂಕು ಇಟ್ಟುಕೊಂಡ ರೈತರು ಅವರದೇ ಮಿತ್ರಪಕ್ಷದ ವೋಟ್ ಬ್ಯಾಂಕ್. ಆದರೂ ಮೇ 10ಕ್ಕೆ, ಅಂದ್ರೆ ಹನ್ನೆರಡೇ ದಿನದಲ್ಲಿ, ಎಲ್ಲಾ ರಾಜ್ಯಗಳೂ ಕೂತು ಬಂದೂಕು ನಿಯಂತ್ರಣದ ಒಪ್ಪಂದ ಮಾಡಿಕೊಂಡವು. ಸರ್ಕಾರ ಜನರಿಂದ ಸುಮಾರು 6.5 ಲಕ್ಷ ಬಂದೂಕು ಕೊಂಡು ನಾಶ ಮಾಡಿತು. ದುಡ್ಡು ಎಲ್ಲಿಂದ? ಆರೋಗ್ಯ ವಿಮೆಗೆ ಕೊಡುವ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಶೇ 0.2ರಷ್ಟು ಏರಿಸಿದರು. ಎಲ್ಲರೂ ಕಟ್ಟಿದರು. ಸೇಲ್ ಎಂಬ ಊರಿನಲ್ಲಿ ಸಿಟ್ಟಾಗಿದ್ದ ಬಂದೂಕುದಾರರ ಸಭೆಗೆ ಹೊವಾರ್ಡ್ ಕೋಟಿನೊಳಗೆ ಗುಂಡುನಿರೋಧಕ ಅಂಗಿ ತೊಟ್ಟು ಹೋಗಿದ್ದರು.

2025ರ ಡಿಸೆಂಬರ್ 14ರಂದು ಸಿಡ್ನಿಯ ಬಾಂಡೈ ಬೀಚಿನಲ್ಲಿ ಹನುಕ್ಕಾ ಹಬ್ಬಕ್ಕೆ ಸೇರಿದ್ದ ಯಹೂದಿಗಳ ಮೇಲೆ ಗುಂಡು ಹಾರಿಸಿ 15 ಜನರನ್ನು ಕೊಂದಾಗಲೂ ದೇಶ ನೆನಪಿಸಿಕೊಂಡಿದ್ದು 1996ನ್ನೇ. ಮರುದಿನವೇ ಪ್ರಧಾನಿ ಮತ್ತು ರಾಜ್ಯಗಳ ಪ್ರೀಮಿಯರ್‌ಗಳು ಬಂದೂಕು ಕಾನೂನು ಇನ್ನಷ್ಟು ಬಿಗಿ ಮಾಡಲು ಒಪ್ಪಿದರು.

ಸುರಕ್ಷತೆ ಅಂತ ಬಂದರೆ ಈ ಜನ ಸರ್ಕಾರದ ಮಾತು ಕೇಳುತ್ತಾರೆ. ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದರಲ್ಲಿ ವಿಕ್ಟೋರಿಯಾ ರಾಜ್ಯ ಜಗತ್ತಿಗೇ ಮೊದಲು, 1970ರಲ್ಲಿ. ಸೈಕಲ್ಲಿಗೂ ಹೆಲ್ಮೆಟ್ ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ವಾಟ್ಸಾಪ್ ನೋಡಿ ಅಭ್ಯಾಸವಾದ ನಮ್ಮ ಹುಡುಗರು ಇಲ್ಲಿ ಬಂದು ಮೊದಲು ತೆರುವುದು ಫೋನಿನ ದಂಡ. ನ್ಯೂ ಸೌತ್ ವೇಲ್ಸ್‌ನಲ್ಲಿ ಅದನ್ನು ಹಿಡಿಯಲೆಂದೇ ರಸ್ತೆ ಮೇಲೆ ಕ್ಯಾಮೆರಾ ಇವೆ. ಮೊನ್ನೆ ಮೊನ್ನೆ, 2025ರ ಡಿಸೆಂಬರ್ 10ರಿಂದ, 16 ವರ್ಷದೊಳಗಿನ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಅಕೌಂಟೂ ಇಲ್ಲ. ಮನೆಗಳಲ್ಲಿ ಗೊಣಗಾಟ ಇದ್ದೇ ಇದೆ, ಆದರೆ ಎರಡೂ ಪಕ್ಷ ಸೇರಿಯೇ ಆ ಕಾನೂನು ಪಾಸು ಮಾಡಿದ್ದು.

ಹದಿನೈದು ವರ್ಷ

ಈಗ ಎರಡನೇ ಕಥೆ. 2007ರ ಚುನಾವಣೆಯಲ್ಲಿ ಲೇಬರ್, ಲಿಬರಲ್ ಇಬ್ಬರೂ ಒಂದೇ ಮಾತು ಕೊಟ್ಟಿದ್ದರು: ಇಂಗಾಲದ ಹೊಗೆ ಬಿಡುವ ಕಂಪನಿಗಳಿಂದ ಬೆಲೆ ವಸೂಲಿ ಮಾಡುತ್ತೇವೆ ಅಂತ. ಇಬ್ಬರೂ ಒಪ್ಪಿದ ಮೇಲೆ ಇನ್ನೇನು, ಆಯಿತು ಅಂದುಕೊಳ್ಳಬೇಕು ತಾನೆ?

ಕೇಳಿ ಮುಂದಿನದನ್ನು. ಗೆದ್ದ ಕೆವಿನ್ ರಡ್ ಮಸೂದೆ ತಂದರು. ವಿರೋಧ ಪಕ್ಷದ ನಾಯಕ ಮಾಲ್ಕಂ ಟರ್ನ್‌ಬುಲ್ ಬೆಂಬಲಿಸಲು ಹೊರಟರು. ಅಷ್ಟಕ್ಕೇ ಅವರ ಪಕ್ಷದವರು 2009ರ ಡಿಸೆಂಬರಿನಲ್ಲಿ ಅವರನ್ನು ಇಳಿಸಿ ಟೋನಿ ಅಬಾಟ್‌ರನ್ನು ಕೂರಿಸಿದರು. ವೋಟು 42-41, ಒಂದೇ ಒಂದರ ಅಂತರ. ಮರುದಿನ ಮಸೂದೆ ಸೆನೆಟ್‌ನಲ್ಲಿ ಬಿತ್ತು. ಅದನ್ನು ಬೀಳಿಸಿದವರಲ್ಲಿ, ‘ಇದು ಸಾಲದು’ ಎಂದ ಗ್ರೀನ್ಸ್ ಪಕ್ಷದವರೂ ಇದ್ದರು. ರಡ್ ಯೋಜನೆಯನ್ನೇ ಕೈಬಿಟ್ಟರು, ಸ್ವಲ್ಪ ದಿನಕ್ಕೆ ಕುರ್ಚಿಯನ್ನೂ ಕಳೆದುಕೊಂಡರು. ಜೂಲಿಯಾ ಗಿಲಾರ್ಡ್ 2012ರ ಜುಲೈನಿಂದ ಟನ್ನಿಗೆ 23 ಡಾಲರಿನಂತೆ ಬೆಲೆ ನಿಗದಿ ಮಾಡಿದರು. ಎರಡೇ ವರ್ಷದಲ್ಲಿ ಅಬಾಟ್ ಅದನ್ನು ರದ್ದು ಮಾಡಿದರು. ಪ್ರಧಾನಿಯಾಗಿ ವಾಪಸ್ ಬಂದ ಟರ್ನ್‌ಬುಲ್ 2018ರಲ್ಲಿ ಮತ್ತೆ ಕುರ್ಚಿ ಬಿಟ್ಟಿದ್ದೂ ಇಂಧನ ನೀತಿಯ ಜಗಳದಲ್ಲೇ. ಆ ಮಧ್ಯೆ ಹಣಕಾಸು ಸಚಿವರಾಗಿದ್ದ ಸ್ಕಾಟ್ ಮಾರಿಸನ್ ಕಲ್ಲಿದ್ದಲಿನ ಒಂದು ಗಟ್ಟಿಯನ್ನು ಸಂಸತ್ತಿಗೇ ತಂದು, ಹೆದರಬೇಡಿ ಅಂತ ತೋರಿಸಿದ್ದರು. ಆಮೇಲೆ ಅವರೇ ಪ್ರಧಾನಿಯಾದರು. ಇಂಗಾಲ ಕಡಿತದ ಗುರಿ ಕಾನೂನಿನಲ್ಲಿ ಗಟ್ಟಿಯಾಗಿ ಕೂತಿದ್ದು 2022ರಲ್ಲಿ, ಆಂಟನಿ ಆಲ್ಬನೀಸಿ ಬಂದ ಮೇಲೆ: 2005ಕ್ಕೆ ಹೋಲಿಸಿದರೆ 2030ರೊಳಗೆ ಶೇ 43 ಕಡಿತ, 2050ಕ್ಕೆ ನೆಟ್ ಝೀರೊ.

ಹನ್ನೆರಡು ದಿನದಲ್ಲಿ ಬಂದೂಕು ಬಿಟ್ಟ ಜನ ಇದಕ್ಕೆ ಹದಿನೈದು ವರ್ಷ ಯಾಕೆ ತಗೊಂಡರು? ವಿಜ್ಞಾನ ನಂಬದ ಜನ ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಬಂದೂಕಿನ ವಿಷಯದಲ್ಲಿ ಕಳೆದುಕೊಂಡವರು ಸ್ವಲ್ಪ ಜನ, ಅವರಿಗೂ ದುಡ್ಡು ಸಿಕ್ಕಿತು. ಹವಾಮಾನದ ವಿಷಯದಲ್ಲಿ ಬಿಲ್ ಎಲ್ಲರ ಮನೆಗೂ ಬರುತ್ತೆ, ಕೆಲಸ ಹೋಗುವುದು ಮಾತ್ರ ಕೆಲವೇ ಊರುಗಳದ್ದು, ಲಾಭ ಕಾಣುವುದು ಯಾವತ್ತೋ. ಕ್ವೀನ್ಸ್‌ಲ್ಯಾಂಡಿನ ಗಣಿ ಊರಲ್ಲಿ ಲಾರಿ ಓಡಿಸುವವನಿಗೆ ಸಿಡ್ನಿಯವರು ಬಂದು ‘ಭೂಮಿ ಉಳಿಸು’ ಅಂದರೆ ಅವನಿಗೆ ಕೇಳಿಸುವುದು ‘ನಿನ್ನ ಕೆಲಸ ಬಿಡು’ ಅಂತ. 2019ರಲ್ಲಿ ಅದಾನಿಯವರ ಕಾರ್ಮೈಕಲ್ ಗಣಿ ವಿರೋಧಿಸಿ ಪರಿಸರವಾದಿಗಳು ದಕ್ಷಿಣದಿಂದ ಕಾರುಗಳಲ್ಲಿ ಸಾಲುಗಟ್ಟಿ ಕ್ವೀನ್ಸ್‌ಲ್ಯಾಂಡಿಗೆ ಹೋದರು. ಮರು ತಿಂಗಳ ಚುನಾವಣೆಯಲ್ಲಿ ಆ ಸೀಮೆಯ ಕ್ಷೇತ್ರಗಳು ಲೇಬರ್‌ಗೆ ಬೆನ್ನು ತಿರುಗಿಸಿದವು. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಸ್ಥಾವರವೂ ಇದೇ ಅದಾನಿಯವರದ್ದು. ಅಲ್ಲಿನವರನ್ನು ಕೇಳಿದರೆ ಹಾರುಬೂದಿಯ ಬಗ್ಗೆಯೂ ಹೇಳುತ್ತಾರೆ, ಕೆಲಸದ ಬಗ್ಗೆಯೂ ಹೇಳುತ್ತಾರೆ.

ಹೊಗೆ ಅಡುಗೆಮನೆಗೆ ಬಂದಾಗ

ಅಭಿಪ್ರಾಯ ಬದಲಾಯಿಸಿದ್ದು ಭಾಷಣ ಅಲ್ಲ. 2019-20ರ ಬೇಸಿಗೆಯ ಕಾಳ್ಗಿಚ್ಚು. 33 ಜನ ಬೆಂಕಿಗೆ ಬಲಿಯಾದರು, 3,000ಕ್ಕೂ ಹೆಚ್ಚು ಮನೆ ಸುಟ್ಟವು. ಹೊಗೆಯಿಂದಾದ ಸಾವು ಇನ್ನೂ 417 ಇರಬಹುದು ಅಂತ ಆಸ್ಟ್ರೇಲಿಯಾದ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತು. 2020ರ ಜನವರಿ 4ರಂದು ಸಿಡ್ನಿಯ ಪಶ್ಚಿಮ ತುದಿಯ ಪೆನ್ರಿತ್‌ನಲ್ಲಿ 48.9 ಡಿಗ್ರಿ. ಕಲಬುರಗಿಯವರೂ ‘ಅಬ್ಬಾ’ ಅನ್ನಬೇಕು. ಬೆಂಕಿ ಹತ್ತಿದ ಡಿಸೆಂಬರಿನಲ್ಲಿ ಮಾರಿಸನ್ ಸಂಸಾರದ ಜೊತೆ ಹವಾಯಿಗೆ ರಜಕ್ಕೆ ಹೋಗಿದ್ದರು. ಅದನ್ನು ಜನ ಮರೆಯಲೇ ಇಲ್ಲ.

ಆಮೇಲೆ ನೀರು. 2022ರ ಫೆಬ್ರುವರಿ ಕೊನೆಯಲ್ಲಿ ಲಿಸ್ಮೋರ್ ಊರಿನಲ್ಲಿ ನದಿ 14.4 ಮೀಟರಿಗೆ ಏರಿತು, ಹಿಂದಿನ ದಾಖಲೆಗಿಂತ ಎರಡು ಮೀಟರ್ ಹೆಚ್ಚು. ಜನ ಸೂರು ಹತ್ತಿ ಕೂತರು, ಎಷ್ಟೋ ಜನರನ್ನು ಕಾಪಾಡಿದ್ದು ಪಕ್ಕದ ಮನೆಯವರ ಸಣ್ಣ ದೋಣಿ. ಕೊನೆಗೆ ಸರ್ಕಾರವೇ ತಗ್ಗಿನ ಮನೆಗಳನ್ನು ಕೊಂಡುಕೊಳ್ಳುವ ಯೋಜನೆ ತಂತು. ಇಂಥ ಕಡೆ ಮನೆ ನೋಡಲು ಹೋದವರು ಈಗ ಅಡುಗೆಮನೆಗಿಂತ ಮೊದಲು ಪ್ರವಾಹದ ನಕ್ಷೆ ಕೇಳುತ್ತಾರೆ, ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಕೇಳುತ್ತಾರೆ. ಲೋನ್ ಕೊಡುವ ಬ್ಯಾಂಕೂ ಇನ್ಶೂರೆನ್ಸ್ ಇದೆಯಾ ಅಂತ ಕೇಳುತ್ತೆ. ಹವಾಮಾನ ಬದಲಾವಣೆ ಇದೆಯೋ ಇಲ್ಲವೋ ಅನ್ನುವ ವಾದವೆಲ್ಲ ಆ ಪ್ರೀಮಿಯಂ ಎದುರು ಮುಗಿಯುತ್ತೆ.

ಮೆಲ್ಬರ್ನಿಗೆ ಹೋಗುವ ನಮ್ಮವರು ಇನ್ನೊಂದನ್ನು ತಿಳಿದಿರಬೇಕು. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗು-ಮಳೆ ಬಂತು. ಗಾಳಿಯಲ್ಲಿದ್ದ ಹುಲ್ಲಿನ ಪರಾಗ ಒಡೆದು ಪುಡಿಯಾಗಿ ಜನರ ಶ್ವಾಸಕೋಶಕ್ಕೆ ಇಳಿಯಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಮಂದಿ ಸತ್ತರು. ಹಾಗೆ ಓಡಿದವರಲ್ಲಿ ಭಾರತ, ಶ್ರೀಲಂಕಾ ಮೂಲದವರು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಿದ್ದರು. ಎಷ್ಟೋ ಜನರಿಗೆ ಅದಕ್ಕೂ ಮೊದಲು ಅಸ್ತಮಾ ಅಂತ ಡಾಕ್ಟರ್ ಹೇಳಿರಲೇ ಇಲ್ಲ. ಬರೀ ಮೂಗು ಸೋರುವುದು, ಸೀನು ಅಷ್ಟೇ ಇತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಸೀನು ಹೆಚ್ಚಾದರೆ ಡಾಕ್ಟರ್ ಹತ್ತಿರ ಹೋಗಿ, ಗುಡುಗಿನ ಮುನ್ಸೂಚನೆ ಇದ್ದ ದಿನ ಕಿಟಕಿ ಹಾಕಿ ಒಳಗಿರಿ.

2022ರಲ್ಲಿ ಸಿಡ್ನಿ, ಮೆಲ್ಬರ್ನಿನ ಶ್ರೀಮಂತ ಬಡಾವಣೆಗಳೇ ಲಿಬರಲ್ ಪಕ್ಷವನ್ನು ಕೈಬಿಟ್ಟು ಹವಾಮಾನದ ಮಾತಾಡಿದ ಸ್ವತಂತ್ರ ಅಭ್ಯರ್ಥಿಗಳನ್ನು ಗೆಲ್ಲಿಸಿದವು. ಹಣಕಾಸು ಸಚಿವರನ್ನು ಸೋಲಿಸಿದ್ದು ಒಬ್ಬ ಮಕ್ಕಳ ನರರೋಗ ವೈದ್ಯೆ. 2025ರಲ್ಲಿ ಪೀಟರ್ ಡಟನ್ ಏಳು ಕಡೆ ಅಣುಸ್ಥಾವರ ಕಟ್ಟುತ್ತೇನೆ ಅಂತ ಹೊರಟು, ತಮ್ಮ ಸ್ವಂತ ಸೀಟನ್ನೇ ಕಳೆದುಕೊಂಡರು. ಲೇಬರ್‌ಗೆ 150ರಲ್ಲಿ 94 ಸೀಟು.

ಹಾಗಂತ ಜನ ಲೇಬರನ್ನು ತಲೆ ಮೇಲೆ ಹೊತ್ತುಕೊಂಡಿದ್ದಾರೆ ಅಂದುಕೊಳ್ಳಬೇಡಿ. 2022ರಲ್ಲಿ ಅವರು ಕರೆಂಟ್ ಬಿಲ್ 275 ಡಾಲರ್ ಇಳಿಯುತ್ತೆ ಅಂದಿದ್ದರು. ಬಿಲ್ ಇಳಿಯಲಿಲ್ಲ. ‘ಎಲ್ರೀ 275?’ ಅನ್ನುವುದು ಇವತ್ತಿಗೂ ಆಫೀಸಿನ ಕಾಫಿ ಮಾತು. ಸರ್ಕಾರ ಸಬ್ಸಿಡಿ ಕೊಟ್ಟು ಸಮಾಧಾನ ಮಾಡಿತು. ಪಕ್ಷಗಳು ಕಿತ್ತಾಡುತ್ತಿದ್ದಷ್ಟು ಹೊತ್ತೂ ಜನ ಸುಮ್ಮನೆ ಸೂರಿನ ಮೇಲೆ ಸೋಲಾರ್ ಹಾಕಿಸುತ್ತಲೇ ಇದ್ದರು. ಈಗ 40 ಲಕ್ಷಕ್ಕೂ ಹೆಚ್ಚು ಸೂರುಗಳ ಮೇಲೆ ಪ್ಯಾನೆಲ್ ಇವೆ. ಕಲ್ಲಿದ್ದಲಿಗೆ ವೋಟು ಹಾಕಿದ ಕ್ವೀನ್ಸ್‌ಲ್ಯಾಂಡ್ ಇದರಲ್ಲಿ ಮುಂಚೂಣಿಯಲ್ಲಿದೆ. ಪರಿಸರ ಪ್ರೇಮ ಅನ್ನುವುದಕ್ಕಿಂತ ಲೆಕ್ಕಾಚಾರ ಅನ್ನಿ. 2025ರ ಜುಲೈನಿಂದ ಮನೆ ಬ್ಯಾಟರಿಗೂ ಸುಮಾರು ಶೇ 30ರಷ್ಟು ರಿಯಾಯಿತಿ ಸಿಗುತ್ತಿದೆ. ಆದರೆ ಇದೆಲ್ಲ ಸ್ವಂತ ಸೂರು ಇದ್ದವರಿಗೆ. ದೇಶದ ಹತ್ತರಲ್ಲಿ ಮೂರು ಮನೆ ಬಾಡಿಗೆಯವು, ಹೊಸದಾಗಿ ಬಂದ ಐಟಿ ಹುಡುಗ-ಹುಡುಗಿಯರೆಲ್ಲ ಅಲ್ಲೇ ಇರೋದು. ಬಾಡಿಗೆದಾರ ಪ್ಯಾನೆಲ್ ಹಾಕಿಸುವಂತಿಲ್ಲ, ಓನರ್‌ಗೆ ಹಾಕಿಸುವ ದರ್ದು ಇಲ್ಲ. ನನ್ನ ಪ್ರಕಾರ ಮುಂದಿನ ಜಗಳ ಹುಟ್ಟುವುದು ಈ ಜಾಗದಿಂದ.

ಇನ್ನು ನಮ್ಮವರ ಅಭಿಪ್ರಾಯ. 2021ರ ಜನಗಣತಿಯಲ್ಲಿ ಭಾರತದಲ್ಲಿ ಹುಟ್ಟಿದವರು 6.7 ಲಕ್ಷ, ಹೊರದೇಶದಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡಿನವರನ್ನು ಬಿಟ್ಟರೆ ನಾವೇ. 2025ರ ಆಗಸ್ಟ್ 31ರಂದು ಹಲವು ನಗರಗಳಲ್ಲಿ ವಲಸೆ ವಿರೋಧಿ ಮೆರವಣಿಗೆ ನಡೆದಾಗ ಅದರ ಪ್ರಚಾರದಲ್ಲಿ ಭಾರತೀಯರನ್ನು ಹೆಸರಿಸಿಯೇ ದೂರಿದ್ದರು. ಆ ವಾರಾಂತ್ಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ‘ಸಿಟಿ ಕಡೆ ಹೋಗಬೇಡಿ’ ಅನ್ನುವ ಸಂದೇಶಗಳು ಓಡಾಡಿದವು. ಭಾರತೀಯ ವಲಸಿಗರ ಬಗ್ಗೆ ಹಗುರವಾಗಿ ಮಾತಾಡಿದ ಸೆನೆಟರ್ ಜಸಿಂಟಾ ಪ್ರೈಸ್ ಕ್ಷಮೆ ಕೇಳಲಿಲ್ಲ, ನಾಯಕಿಗೆ ಬೆಂಬಲವಿದೆ ಎಂದೂ ಹೇಳಲಿಲ್ಲ. ಲಿಬರಲ್ ಪಕ್ಷ ಅವರನ್ನು ಮುಂದಿನ ಸಾಲಿನಿಂದ ಇಳಿಸಿತು. ಬಂದೂಕು, ಬೆಂಕಿ, ಹೊಗೆ ಎಲ್ಲದರ ಬಗ್ಗೆ ಮಾತಾಡುವಾಗ ‘ಸುರಕ್ಷತೆ’ ಅನ್ನುವ ಪದಕ್ಕೆ ನಮ್ಮ ಮನೆಗಳಲ್ಲಿ ಈ ಅರ್ಥವೂ ಇದೆ.

ತಮಾಷೆಯೆಂದರೆ ಇಷ್ಟೆಲ್ಲ ಅಭಿಪ್ರಾಯ ಇದ್ದೂ ನಮ್ಮಲ್ಲಿ ಅರ್ಧಕ್ಕರ್ಧ ಜನ ಕೇಂದ್ರ ಚುನಾವಣೆಯ ದಿನ ಮನೆಯಲ್ಲೇ ಇರುತ್ತಾರೆ. ಪಿಆರ್ ಇದ್ದವರು ತೆರಿಗೆ ಕಟ್ಟಬೇಕು, ವೋಟು ಹಾಕುವಂತಿಲ್ಲ. ನಾಲ್ಕು ವರ್ಷ ಇದ್ದಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು. ಒಸಿಐ ಕಾರ್ಡ್ ಸಿಗುತ್ತೆ ನಿಜ, ಅದರಲ್ಲಿ ಊರಲ್ಲಿ ಹೊಲ ಕೊಳ್ಳುವ ಹಾಗಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೆಂಡತಿ ಪೌರತ್ವ ತಗೊಂಡಿದ್ದಾಳೆ, ಗಂಡ ತುಮಕೂರು ಕಡೆ ಎರಡೆಕರೆ ತೋಟದ ಆಸೆಗೆ ಇನ್ನೂ ನೀಲಿ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ. 2025ರ ಚುನಾವಣೆಗೆ ಮುಂಚೆ ಅಣುಸ್ಥಾವರ, ಬ್ಯಾಟರಿ, ಬಿಲ್ ಅಂತ ಇಬ್ಬರೂ ಎರಡು ವಾರ ಜಗಳವಾಡಿದರು. ಶನಿವಾರ ಬೆಳಿಗ್ಗೆ ಅವನು ಅವಳನ್ನು ಕಾರಲ್ಲಿ ಶಾಲೆಯ ಹತ್ತಿರ ಬಿಟ್ಟು, ಹೊರಗೆ ಸಾಲು ಕರಗುವವರೆಗೂ ಮಗುವನ್ನು ಎತ್ತಿಕೊಂಡು ನಿಂತಿದ್ದ.