ಛತ್ರಿಗಳ ಒಳಗಿನ ಬಣ್ಣ

ಮಳೆಗಾಲದಲ್ಲಿ ನಾವು ಹಿಡಿದು ನಡೆಯುವ ಕೊಡೆಗೂ, ರಾಜಸ್ಥಾನದಲ್ಲಿ ಗತಿಸಿದವರ ನೆನಪಿಗೆ ಕಟ್ಟಿದ ಮಂಟಪಕ್ಕೂ ಹೆಸರು ಒಂದೇ: ಛತ್ರಿ. ಎತ್ತರದ ಜಗತಿ, ಅದರ ಮೇಲೆ ಕಂಬಗಳು, ಕಂಬಗಳ ಮೇಲೊಂದು ಗುಮ್ಮಟ. ಇಷ್ಟೇ ಅದರ ರಚನೆ. ಇದು ಗೋರಿಯಲ್ಲ; ದೇಹವನ್ನು ದಹನಮಾಡಿದ ಬಳಿಕ ಸ್ಮರಣೆಗಾಗಿ ಎತ್ತಿದ ಕಟ್ಟಡ.

ಆ ರಾಜ್ಯದ ಉತ್ತರಭಾಗದ ಶೇಖಾವಾಟಿ ಪ್ರಾಂತದಲ್ಲಿ ಛತ್ರಿಯನ್ನು ಹೊಕ್ಕವರು ತಲೆಯೆತ್ತಿ ನೋಡಬೇಕು. ನವಲಗಢದ ಸಮೀಪದ ಪರಸರಾಂಪುರದಲ್ಲಿ ಠಾಕೂರ್ ಸಾರ್ದೂಲ್ ಸಿಂಗನ ನೆನಪಿಗೆ 1750ರಲ್ಲಿ ಕಟ್ಟಿದ ಹನ್ನೆರಡು ಕಂಬಗಳ ಛತ್ರಿಯೊಂದಿದೆ. ಅದರ ಗುಮ್ಮಟದೊಳಗೆ ರಾಮರಾವಣರ ಯುದ್ಧವುಂಟು. ಐವರು ಮಕ್ಕಳೊಡನೆ ಸಾರ್ದೂಲ್ ಸಿಂಗನೂ ಇದ್ದಾನೆ. ಮುಂದೆ 19ನೆಯ ಶತಮಾನದಲ್ಲಿ ರಾಮಗಢದ ಪೋದ್ದಾರರಂಥ ವರ್ತಕರೂ ಇಂತಹ ಚಿತ್ರಿತ ಛತ್ರಿಗಳನ್ನು ಕಟ್ಟಿಸಿದರು.

ಸುಡುವ ಬಿಸಿಲಿನ ಆ ನಾಡಿನಲ್ಲಿ ಬಣ್ಣವು ಇಷ್ಟುಕಾಲ ಹೇಗೆ ನಿಂತಿತು? ಗುಮ್ಮಟದ ನೆರಳು ಒಂದು ಕಾರಣ. ಮುಖ್ಯ ಕಾರಣವು ಸುಣ್ಣದಲ್ಲಿದೆ.

ಸುಣ್ಣದ ಕಲ್ಲನ್ನು ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ. ಉಳಿದ ಸುಟ್ಟಸುಣ್ಣಕ್ಕೆ ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಶೇಖಾವಾಟಿಯ ನುರಿತ ಚಿತ್ರಕಾರನು ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುತ್ತಿದ್ದನು. ಆದುದರಿಂದ ಬಣ್ಣದ ಕಣಗಳು ಹೊಸದಾಗಿ ಹುಟ್ಟುವ ಸುಣ್ಣದ ಹರಳುಗಳ ನಡುವೆ ಸೆರೆಯಾಗುತ್ತವೆ, ಅಂಟು ಬೇಕಾಗುವುದಿಲ್ಲ. ಬಳಿಕ ಅಕೀಕಿನ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಗಾರೆ ಆರುವ ಮೊದಲೇ ಕೆಲಸ ಮುಗಿಯಬೇಕಾದುದರಿಂದ, ತಪ್ಪನ್ನು ತಿದ್ದಲು ಅವನಿಗೆ ಹೆಚ್ಚು ಅವಕಾಶವಿರಲಿಲ್ಲ.

ಎಲ್ಲ ಬಣ್ಣಗಳೂ ಹಸಿಸುಣ್ಣವನ್ನು ತಾಳಲಾರವು. ಸುಣ್ಣ ಸೋಕಿದೊಡನೆ ಅರಿಶಿನವು ಕೆಂಪಾಗುವುದನ್ನು ನಾವು ಆರತಿಯ ನೀರಿನಲ್ಲಿ ಕಂಡಿದ್ದೇವೆ. ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡಿಗೂ ದೀಪದ ಕಾಡಿಗೆಗೂ ಇಂತಹ ಭಯವಿಲ್ಲ. ಹಳೆಯ ಚಿತ್ರಗಳಲ್ಲಿ ಕೆಂಗಂದು, ಕಪ್ಪುಗಳೇ ಮೆರೆಯುವುದಕ್ಕೆ ಇದೂ ಒಂದು ಕಾರಣ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಕೃತಕ ವರ್ಣಗಳು ಬಂದ ಮೇಲೆ ನೀಲಿಯ ಅಬ್ಬರ ಹೆಚ್ಚಿತು. ನನ್ನ ಕಣ್ಣಿಗೆ ಹಳೆಯ ಕೆಂಗಂದೇ ಸೊಗಸು.

ಇಷ್ಟು ಗಟ್ಟಿಯಾದ ಚಿತ್ರಕ್ಕೂ ಶತ್ರುವಿದೆ: ನೀರಿನೊಡನೆ ಬರುವ ಲವಣ. ಗುಮ್ಮಟದ ಬಿರುಕಿನಲ್ಲಿ ಇಳಿದ ಮಳೆನೀರು ಲವಣಗಳನ್ನು ಕರಗಿಸಿಕೊಂಡು ಒಳಮೈಗೆ ಬಂದು ಆರುತ್ತದೆ. ಅಲ್ಲಿ ಹರಳುಗಟ್ಟುವ ಲವಣವು ಚಿತ್ರದ ತೆಳುಪದರವನ್ನು ಹಿಂದಿನಿಂದ ನೂಕಿ ಹಕ್ಕಳೆಯಾಗಿ ಉದುರಿಸುತ್ತದೆ. ಮೇಲಿನ ಬಿರುಕಿಗೆ ಸಿಮೆಂಟು ಮೆತ್ತಿದರೆ ಕೇಡು ಇನ್ನೂ ಹೆಚ್ಚುವುದುಂಟು. ಸುಣ್ಣದ ಗಾರೆಯಲ್ಲಿ ತೇವವು ಸುಲಭವಾಗಿ ಹಾಯ್ದು ಹೊರಬೀಳುತ್ತದೆ. ಸಿಮೆಂಟು ಅದನ್ನು ತಡೆದಾಗ, ಒಳಗೆ ಉಳಿದ ತೇವಕ್ಕೆ ಚಿತ್ರದ ಮೈಯೊಂದೇ ದಾರಿ. ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಆದರೆ ಅದು ಗಟ್ಟಿಯಾಗಲು ವಾರಗಳೇ ಬೇಕು. ಸಿಮೆಂಟು ಒಂದೆರಡು ದಿನಗಳಲ್ಲಿ ಬಿಗಿಯುತ್ತದೆ. ಅವಸರದಲ್ಲಿರುವ ಗುತ್ತಿಗೆದಾರನು ಯಾವುದನ್ನು ಆರಿಸುವನೆಂದು ಊಹಿಸುವುದು ಕಷ್ಟವಲ್ಲ.