ಸೊನ್ನೆ ಡಾಲರಿನ ದಂಡ

ಅಮೆರಿಕದ ನೂರು ಜನರನ್ನು ಸಾಲಾಗಿ ನಿಲ್ಲಿಸಿ, ಅವರವರ ವರ್ಷದ ಆಸ್ಪತ್ರೆ ಖರ್ಚನ್ನು ಅವರವರ ಮುಂದೆ ಗುಡ್ಡೆ ಹಾಕಿ. ಸುಮಾರು ಅರ್ಧ ದುಡ್ಡು ಬರೀ ಐದು ಜನರ ಮುಂದೆ ಬೀಳುತ್ತದೆ. ಗಟ್ಟಿಮುಟ್ಟಾಗಿರುವ ಐವತ್ತು ಜನರ ಗುಡ್ಡೆಗಳನ್ನೆಲ್ಲ ಒಟ್ಟುಮಾಡಿದರೂ ನೂರಕ್ಕೆ ಮೂರರ ಆಸುಪಾಸು. 2023ರಲ್ಲಿ ಆ ದೇಶದ ಆರೋಗ್ಯದ ಖರ್ಚು 4.9 ಲಕ್ಷ ಕೋಟಿ, ತಲೆಗೆ 14,570. ಎರಡೂ ಡಾಲರಿನಲ್ಲಿ, ರೂಪಾಯಿಯಲ್ಲಲ್ಲ.

ಆ ಐವತ್ತು ಜನ ‘ನನಗೇನು ಧಾಡಿ, ವಿಮೆ ಯಾಕೆ?’ ಎಂದು ಸಾಲು ಬಿಟ್ಟು ಹೊರಟರೆ ಉಳಿದವರ ಕಂತು ಏರುತ್ತದೆ. ಏರಿದ್ದು ಕಂಡು ಇನ್ನಷ್ಟು ಜನ ಹೊರಡುತ್ತಾರೆ. ಕೊನೆಗೆ ಉಳಿಯುವವರು ರೋಗಿಗಳು. ಕಾಯಿಲೆಯವರಿಗೂ ಅದೇ ಕಂತಿನಲ್ಲಿ ವಿಮೆ ಕೊಡಿ ಎಂದು ಕಂಪನಿಗಳನ್ನು ಕಟ್ಟಿಹಾಕಿದ 2010ರ ಒಬಾಮ ಕಾಯ್ದೆ, ಅದಕ್ಕೇ ಜನರಿಗೂ ವಿಮೆ ಕಡ್ಡಾಯ ಮಾಡಿತು.

ತಪ್ಪಿದವರಿಗೆ ದಂಡ, 2016ರ ಹೊತ್ತಿಗೆ, 695 ಡಾಲರ್ ಅಥವಾ ಆದಾಯದ ನೂರಕ್ಕೆ ಎರಡೂವರೆ, ಯಾವುದು ಹೆಚ್ಚೋ ಅದು. ಕಟ್ಟದಿದ್ದರೆ? ಜೈಲಿಲ್ಲ, ಜಪ್ತಿಯಿಲ್ಲ. ಮರುಪಾವತಿಯಾಗಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು, ಅಷ್ಟೆ.

ಈ ಹಲ್ಲಿಲ್ಲದ ಹಾವಿನ ಮೇಲೆ 26 ರಾಜ್ಯಗಳು ಕೋರ್ಟಿಗೆ ಹೋದವು! ಒಂದು ಮೊಕದ್ದಮೆಗೆ ಒಂದೇ ಗಂಟೆ ಕೊಡುವ ರೂಢಿಯ ಸುಪ್ರೀಂ ಕೋರ್ಟ್, 2012ರ ಮಾರ್ಚಿನಲ್ಲಿ ಮೂರು ದಿನ, ಸುಮಾರು ಆರು ಗಂಟೆ ವಾದ ಕೇಳಿತು. ಇಂದು ವಿಮೆ ಕೊಳ್ಳಿಸುವ ಸರ್ಕಾರ ನಾಳೆ ಬ್ರೊಕೊಲಿಯನ್ನೂ ಕೊಳ್ಳಿಸಬಹುದೇ ಎಂಬುದು ನ್ಯಾಯಮೂರ್ತಿ ಸ್ಕಾಲಿಯಾ ಅವರ ಚಿಂತೆ. (ನಮ್ಮಲ್ಲಾಗಿದ್ದರೆ ಹಾಗಲಕಾಯಿ ಎನ್ನುತ್ತಿದ್ದರೇನೋ.) ತೀರ್ಪು 5–4: ಈ ದಂಡವನ್ನು ತೆರಿಗೆಯೆಂದು ಎಣಿಸಿದರೆ ಸಿಂಧು.

2017ರ ಡಿಸೆಂಬರಿನಲ್ಲಿ ಸಂಸತ್ತು ಒಂದು ಚಮತ್ಕಾರ ಮಾಡಿತು. ‘ಕಡ್ಡಾಯ’ ಎಂಬ ಮಾತನ್ನು ಕಾಯ್ದೆಯಲ್ಲಿ ಹಾಗೇ ಬಿಟ್ಟು, 2019ರಿಂದ ಅನ್ವಯವಾಗುವಂತೆ ದಂಡದ ಜಾಗದಲ್ಲಿ ಸೊನ್ನೆ ಬರೆಯಿತು. ಹತ್ತು ವರ್ಷದಲ್ಲಿ 1.3 ಕೋಟಿ ಜನ ವಿಮೆ ಇಲ್ಲದವರಾಗುತ್ತಾರೆಂದು ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿತ್ತು. ಸೊನ್ನೆಯ ಮೇಲೂ ದಾವೆ ಬಿತ್ತು. ವಸೂಲಿಯೇ ಇಲ್ಲದ ದಂಡದಿಂದ ನಿಮಗೇನು ನಷ್ಟವೆಂದು 2021ರಲ್ಲಿ ಅದೇ ಕೋರ್ಟ್ 7–2ರಲ್ಲಿ ಹಿಂದಕ್ಕೆ ಕಳಿಸಿತು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಮುಂದಿನ ಲೆಕ್ಕ. ಕಾಯ್ದೆ ತೆರೆದ ವಿಮಾ ಸಂತೆಯಲ್ಲಿ 2018ಕ್ಕೆ ಹೆಸರು ಬರೆಸಿದವರು 1.18 ಕೋಟಿ. ದಂಡ ಸತ್ತು ಆರು ವರ್ಷ ಕಳೆದ 2025ಕ್ಕೆ, 2.4 ಕೋಟಿ! 2021ರಿಂದ ಸರ್ಕಾರ ಕಂತಿನ ಸಹಾಯಧನ ಏರಿಸಿತ್ತು. ಬೆತ್ತಕ್ಕೆ ಬಾರದವರು ಬೆಲ್ಲಕ್ಕೆ ಬಂದರು. ಆ ಬೆಲ್ಲಕ್ಕೆ ಕಾಯ್ದೆಯಲ್ಲಿ ಬರೆದಿದ್ದ ಗಡುವು: 2025ರ ಡಿಸೆಂಬರ್ 31.